ಡಾಗ್ಮಾರ್ ಎಂಬ ಹೆಸರು ಎಲ್ಲಿಯದು?

ಡೆನ್ಮಾರ್ಕಿನ ರೀಬೆ ಎಂಬ ಹಳೇ ಊರಿನ ದೊಡ್ಡ ಚರ್ಚಿನಲ್ಲಿ ಮಧ್ಯಾಹ್ನ 12ಕ್ಕೆ ಮತ್ತು 3ಕ್ಕೆ ಗಂಟೆಗಳು ಒಂದು ಜನಪದ ಹಾಡಿನ ಧಾಟಿ ನುಡಿಸುತ್ತವೆ. ರಾಣಿ ಡಾಗ್ಮಾರ್ ರೀಬೆಯಲ್ಲಿ ಕಾಯಿಲೆ ಬಿದ್ದು ಮಲಗಿದ ಕತೆ ಅದು.

ಹೆಸರು ಕೇಳಿದರೆ ಅಪ್ಪಟ ಡ್ಯಾನಿಷ್. 'ಡಾಗ್' ಎಂದರೆ ಹಗಲು. 'ಮಾರ್' ಎಂಬುದು ಕನ್ಯೆ ಎಂಬ ಅರ್ಥದ ಹಳೆಯ ಪದದಂತೆ ಕಿವಿಗೆ ಬೀಳುತ್ತದೆ. ಆದರೆ ಈ ರಾಣಿ ಬಂದದ್ದು ಬೊಹೀಮಿಯಾದಿಂದ, ಇಂದಿನ ಚೆಕ್ ನಾಡಿನಿಂದ. 1205ರಲ್ಲಿ ದೊರೆ 2ನೇ ವಾಲ್ಡೆಮಾರನ ಕೈಹಿಡಿದು ಬಂದವಳು. ಹೆಸರಿನ ಮೂಲ ಚೆಕ್, ರಷ್ಯನ್ ಮೊದಲಾದ ನುಡಿಗಳ ಬಳಗವಾದ ಸ್ಲಾವ್ ಭಾಷೆಯ 'ಡ್ರಾಗೊಮಿರಾ': 'ಡ್ರಾಗ್' ಅಂದರೆ ಪ್ರಿಯ, 'ಮಿರ್' ಅಂದರೆ ಶಾಂತಿ. ಪರದೇಶದ ಆ ಸದ್ದಿನಲ್ಲಿ ಡೇನರಿಗೆ ತಮ್ಮದೇ ಎರಡು ಪದ ಕೇಳಿಸಿತು, ಅಷ್ಟೇ. (ಗಂಡನ ಹೆಸರೂ ವ್ಲಾದಿಮಿರ್‌ನ ರೂಪವೇ. ಅದನ್ನು ಹಾಗೇ ಬಿಡೋಣ.)

ಹೆಸರನ್ನು ಎರಡು ತುಂಡಾಗಿ ಕೇಳಿಸಿಕೊಳ್ಳುವುದು ಅವರಿಗೆ ರೂಢಿ. 'ಬೋಡಿಲ್' ಇದೆ: 'ಬೋಟ್' ಎಂದರೆ ಪರಿಹಾರ, 'ಹಿಲ್ಡ್' ಎಂದರೆ ಯುದ್ಧ. 'ಸಿಗ್ರಿಡ್' ಅಂದರೆ ಗೆಲುವು, ಚೆಲುವು. ಕೂಡಿಸಿ ಅರ್ಥ ಹೇಳಹೊರಟರೆ ಪೇಚಿಗೆ ಸಿಕ್ಕಿಕೊಳ್ಳುತ್ತೇವೆ. 'ಗುನ್‌ಹಿಲ್ಡ್'ನಲ್ಲಿ ಎರಡೂ ತುಂಡಿಗೆ ಯುದ್ಧವೆಂದೇ ಅರ್ಥ! ಮನೆಯ ಹಿರಿಯರ ಹೆಸರಿನಿಂದ ಒಂದೊಂದು ತುಂಡು ಎತ್ತಿ ಮಗುವಿಗೆ ಜೋಡಿಸುತ್ತಿದ್ದರು. ವಾಕ್ಯ ಕಟ್ಟುವ ಉದ್ದೇಶ ಇರಲಿಲ್ಲ.

ಕ್ರೈಸ್ತಧರ್ಮದ ಜೊತೆ ಬಂದ ಸಂತರ ಹೆಸರುಗಳ ಪಾಡು ಬೇರೆ. ಅವು ಸವೆದವು. ಕತಾರಿನಾ ಹೋಗಿ 'ಕಾರೆನ್' ಆಯಿತು. ಕ್ರಿಸ್ಟೀನಾ 'ಕಿರ್ಸ್ಟೆನ್' ಆಗುವಾಗ 'ಕ್ರಿ' ತಿರುಗಿ 'ಕಿರ್' ಆಯಿತು. ನಮ್ಮ 'ಅಸಗ' 'ಅಗಸ'ನಾದ ಹಾಗೆ, ವರ್ಣಪಲ್ಲಟ. ಗ್ರೀಕಿನಲ್ಲಿ ಮುತ್ತು ಎಂಬ ಅರ್ಥವಿದ್ದ ಮಾರ್ಗರೀಟಾ, ಡೆನ್ಮಾರ್ಕಿನಲ್ಲಿ ಮಾರ್ಗ್ರೇಟೆ, ಮೆರೇಟೆ, ಗ್ರೇಟೆ, ಕೊನೆಗೆ ಬರೀ 'ಮೆಟ್ಟೆ'. 2024ರಲ್ಲಿ ಸಿಂಹಾಸನ ಬಿಟ್ಟಿಳಿದ ರಾಣಿ 2ನೇ ಮಾರ್ಗ್ರೇಟೆ ಮತ್ತು 2019ರಲ್ಲಿ ಪ್ರಧಾನಿಯಾದ ಮೆಟ್ಟೆ ಫ್ರೆಡ್ರಿಕ್ಸನ್, ಮೂಲದಲ್ಲಿ ಒಂದೇ ಹೆಸರಿನವರು.

ಮತ್ತೆ ಡಾಗ್ಮಾರ್‌ಗೆ ಬರೋಣ. 1847ರಲ್ಲಿ ಹುಟ್ಟಿದ ಡೆನ್ಮಾರ್ಕಿನ ರಾಜಕುಮಾರಿಯೊಬ್ಬಳಿಗೆ ಇದೇ ಹೆಸರಿಟ್ಟರು. 1866ರಲ್ಲಿ ಆಕೆ ರಷ್ಯಾದ ಯುವರಾಜನ ಹೆಂಡತಿಯಾದಳು. ಸ್ಲಾವ್ ನುಡಿಯಿಂದ ಬಂದಿದ್ದ ಹೆಸರು ಆರೂವರೆ ಶತಮಾನದ ಮೇಲೆ ಸ್ಲಾವ್ ನಾಡಿನ ಬಾಗಿಲಿಗೆ ಮರಳಿತು. ಅಲ್ಲಿ ಆರ್ಥೊಡಾಕ್ಸ್ ಚರ್ಚಿಗೆ ಸೇರುವಾಗ ಅದನ್ನು ತೆಗೆದು, ಆಕೆಗೆ ಮರಿಯಾ ಫ್ಯೋದರೊವ್ನಾ ಎಂದು ಹೆಸರಿಟ್ಟರು.