‘ವಿಜ್ಞಾನ’ದಿಂದ ಪೇಜ್‌ಮೇಕರ್‌ವರೆಗೆ: ಹಳೆಯ ಸಂಚಿಕೆಗಿಂತ ಹೊಸದನ್ನು ಉಳಿಸುವುದೇ ಕಷ್ಟ

ಕನ್ನಡದಲ್ಲಿ ವಿಜ್ಞಾನಕ್ಕೆಂದೇ ಮೀಸಲಾದ ಮೊದಲ ಮಾಸಪತ್ರಿಕೆ ‘ವಿಜ್ಞಾನ’ 1918ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಸಂಪಾದಕರು ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್. ನಡೆದದ್ದು ಎರಡೇ ವರ್ಷ. ಕನ್ನಡದ ವಿಜ್ಞಾನ ಪದಗಳು ಹೇಗೆ ರೂಪುಗೊಂಡವು ಎಂದು ಹುಡುಕುವವರಿಗೆ ಇಂದಿಗೂ ಆ ಸಂಚಿಕೆಗಳೇ ಬೇಕು.

ಅವನ್ನು ಕಂಪ್ಯೂಟರಿಗೆ ಏರಿಸಿ ಉಳಿಸಲು ಹಕ್ಕುಸ್ವಾಮ್ಯದ ತೊಡಕು ಕಡಿಮೆ. ಲೇಖಕರು ತೀರಿಕೊಂಡು 60 ವರ್ಷವಾದರೆ ಬರಹ ಎಲ್ಲರದು. ವೆಂಕಟನಾರಣಪ್ಪನವರು ತೀರಿಕೊಂಡದ್ದು 1943ರಲ್ಲಿ, ಅಂದರೆ ಅವರ ಬರಹ 2004ರಿಂದ ಮುಕ್ತ. ಉಳಿದದ್ದು ಕೈಕೆಲಸ. ಇಂಚಿಗೆ 400 ಚುಕ್ಕಿಯಂತೆ ಬಣ್ಣದಲ್ಲೇ ಸ್ಕ್ಯಾನ್ ಮಾಡಬೇಕು. ತೆಳು ಹಾಳೆಯಾದರೆ ಹಿಂಬದಿಗೆ ಕಪ್ಪು ಕಾಗದ ಇಡಬೇಕು, ಇಲ್ಲವಾದರೆ ಆಚೆ ಪುಟದ ಅಕ್ಷರ ಇಣುಕುತ್ತದೆ. ರಟ್ಟು, ಜಾಹೀರಾತುಗಳನ್ನು ಬಿಡಬಾರದು. ಎಷ್ಟೋ ಸಲ ಸಂಪುಟ, ಸಂಚಿಕೆ, ತಿಂಗಳು ಇರುವುದು ರಟ್ಟಿನ ಮೇಲೆಯೇ. ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಓಸಿಆರ್ ತಂತ್ರಾಂಶ ಎಡವುವುದು ‘ಮ’ ಮತ್ತು ‘ವು’ಗಳಲ್ಲಿ, ಕನ್ನಡದ ಸೊನ್ನೆ ಮತ್ತು ಅನುಸ್ವಾರಗಳಲ್ಲಿ. ಕೋಷ್ಟಕದಲ್ಲಿ ಒಂದು ಸೊನ್ನೆ ಅನುಸ್ವಾರವಾದರೆ ಆ ಅಂಕಿಯೇ ಕೆಟ್ಟಿತು. ಅಂಕಿಗಳನ್ನಂತೂ ಕಣ್ಣಿಟ್ಟು ತಿದ್ದಲೇಬೇಕು.

ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ‘ವಿಜ್ಞಾನ ಕರ್ನಾಟಕ’, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಬಂದವು. ಇಂಥ ಪತ್ರಿಕೆಗಳ ಒಂದೊಂದು ಲೇಖನದ ಹಕ್ಕೂ ಒಬ್ಬೊಬ್ಬರದಾಗಿರಬಹುದು. ಅನುಮತಿ ಕೇಳುತ್ತ ಹೋಗಬೇಕು.

ನಿಜವಾದ ಗಂಟು ಡಿಟಿಪಿ ಕಾಲದ, ಅಂದರೆ ಕಂಪ್ಯೂಟರಿನಲ್ಲೇ ಪುಟ ಕಟ್ಟಲು ತೊಡಗಿದ ಕಾಲದ ಕಡತಗಳಲ್ಲಿದೆ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ‘ನುಡಿ’ಯಂಥ ಫಾಂಟ್‌ಗಳಲ್ಲಿ ‘ಕ’ ಎಂದು ಕಾಣುವುದು ಕಡತದೊಳಗೆ ಇಂಗ್ಲಿಷಿನ ‘ಪಿ’ ಮತ್ತು ತಲೆಗೆರೆ ಇರುವ ‘ಎ’. ಓದಲು ಚೆಂದ, ಹುಡುಕಿದರೆ ಒಂದು ಪದವೂ ಸಿಗದು. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಕ್ಕೆ ಕೊಟ್ಟರೂ ‘ಸೂರ್ಯ’ ಕೈಕೊಡುತ್ತಾನೆ: ಹಳೆಯ ಫಾಂಟಿನಲ್ಲಿ ಅರ್ಕಾವತ್ತು ‘ಯ’ದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಅದೇ ರೇಫ (‘ರ್’) ಮೊದಲು ಬರಬೇಕು. ಇಂಗ್ಲಿಷ್ ಅಕ್ಷರದ ರಾಸಾಯನಿಕ ಸೂತ್ರಗಳನ್ನೂ ತಂತ್ರಾಂಶ ಕನ್ನಡವೆಂದೇ ತಿಳಿದು ಕಲಸುಮೇಲೋಗರ ಮಾಡುತ್ತದೆ. ಸಾಹಿತ್ಯ ಪತ್ರಿಕೆಗೆ ಇದು ಅಷ್ಟೇನೂ ಕಾಡದು, ವಿಜ್ಞಾನ ಪತ್ರಿಕೆಗೆ ಪುಟಪುಟಕ್ಕೂ ಕಾಡುತ್ತದೆ.

ಆದ್ದರಿಂದ ಆ ಕಾಲದ ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್‌ನ ಹಳೆಯ ಕಡತಗಳಿದ್ದರೆ ಜೊತೆಗೇ ಆ ಫಾಂಟನ್ನೂ ಎತ್ತಿಡಿ. ಪುಟ ಕಟ್ಟುವ ಇನ್ನೊಂದು ತಂತ್ರಾಂಶ ಇನ್‌ಡಿಸೈನ್‌ನ ಸಿಎಸ್6 ಆವೃತ್ತಿ ಆ ಕಡತಗಳನ್ನು ತೆರೆಯುತ್ತದೆ, ಅದರ ನಂತರದವು ತೆರೆಯವು. ಪಠ್ಯ ಹೊರತೆಗೆಯುವಾಗ ಫಾಂಟಿನ ಹೆಸರು ನೋಡಿ ಇಂಗ್ಲಿಷ್ ತುಣುಕುಗಳನ್ನು ಬೇರೆ ಮಾಡಿ, ಕನ್ನಡವನ್ನಷ್ಟೇ ಪರಿವರ್ತಕಕ್ಕೆ ಕೊಡಿ. ಆಮೇಲೆ ಮೊದಲು ಹುಡುಕಿ ನೋಡಬೇಕಾದ ಪದಗಳು ‘ಸೂರ್ಯ’, ‘ವರ್ಣ’, ‘ಘರ್ಷಣೆ’.