ಮಳೆ ಪುಸ್ತಕದ ಖಾಲಿ ದಿನಗಳು

ಸೋಮವಾರಪೇಟೆ ಹತ್ತಿರದ ನಮ್ಮ ತೋಟದಲ್ಲಿ ಅಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, 'ಒಂದು ಇಂಚು ಇಪ್ಪತ್ತು ಸೆಂಟು' ಎಂದುಕೊಳ್ಳುತ್ತಾ ಪುಸ್ತಕದಲ್ಲಿ ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಕೊಡಗಿನಲ್ಲಿ ಇಂಥ ಪುಸ್ತಕ ಇಟ್ಟಿರುವ ಕಾಫಿ ಬೆಳೆಗಾರರು ಬಹಳ. ಕಳೆದ ವರ್ಷ ಊರಿಗೆ ಬಂದಿದ್ದ ತಂಗಿಯ ಮಗಳು ಹಳೆಯ ಪುಸ್ತಕಗಳನ್ನೆಲ್ಲ ಅಟ್ಟದಿಂದ ಇಳಿಸಿ, ಪುಟ ಪುಟದ ಫೋಟೊ ತೆಗೆದಳು. ಅವಳದು ಬೆಂಗಳೂರಿನಲ್ಲಿ ಪೋಸ್ಟ್‌ಡಾಕ್ ಕೆಲಸ. ಡೆಂಗಿ ಹರಡುವ ಬಗೆಗೆ ಗಣಿತದ ಮಾದರಿ ಕಟ್ಟುವುದು, ಅಂದರೆ ರೋಗ ಹರಡುವ ಬಗೆಯನ್ನು ಸಮೀಕರಣಗಳಲ್ಲಿ ಬರೆದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು.

ಪಿಎಚ್‌.ಡಿ. ಮುಗಿಸಿದವರು ಕಾಯಂ ಹುದ್ದೆ ಸಿಗುವ ಮುಂಚೆ ಎರಡು-ಮೂರು ವರ್ಷದ ಕರಾರಿನ ಮೇಲೆ ಮಾಡುವ ಸಂಶೋಧನೆಯೇ ಪೋಸ್ಟ್‌ಡಾಕ್. ಗಣಿತ, ಭೌತವಿಜ್ಞಾನ ಓದಿದವರು ಈ ದಾರಿಯಲ್ಲಿ ವೈದ್ಯಕೀಯಕ್ಕೂ ಬರುತ್ತಾರೆ. ಈ ನಂಟು ಹಳೆಯದು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡ ವೈದ್ಯ ರೊನಾಲ್ಡ್ ರಾಸ್ ಮುಂದೆ ಸಮೀಕರಣ ಬರೆದು ತೋರಿಸಿದರು: ಸೊಳ್ಳೆಗಳನ್ನು ಪೂರ್ತಿ ನಿರ್ನಾಮ ಮಾಡಬೇಕಿಲ್ಲ, ಒಂದು ಮಟ್ಟಕ್ಕಿಂತ ಕೆಳಗಿಳಿಸಿದರೆ ಸಾಕು, ರೋಗ ತಾನಾಗಿ ಆರಿಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಷ್ಟು ಇಣುಕಿದರೂ ಇದು ಕಾಣುತ್ತಿರಲಿಲ್ಲ.

ಕಾಫಿ ಗಿಡ ಅರಳಿಸುವ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಹೂವಿನಿಂದ ಬೆಳ್ಳಗಾಗುವುದು ನಮಗೆಲ್ಲ ಗೊತ್ತು. ಡೆಂಗಿಗೂ ಹೀಗೇ ಒಂದು ಕಾಯುವಿಕೆ ಇದೆ. ನಿಂತ ನೀರಿನಲ್ಲಿ ಲಾರ್ವಾ ಬೆಳೆದು ಸೊಳ್ಳೆಯಾಗಬೇಕು. ಅದು ರೋಗಿಯನ್ನು ಕಚ್ಚಿದ ಮೇಲೆ ವೈರಸ್ ಅದರ ಮೈಯಲ್ಲಿ ಮಾಗಲು ಸುಮಾರು 8ರಿಂದ 12 ದಿನ. ಅದು ಕಚ್ಚಿದವರಿಗೆ ಜ್ವರ ಬರಲು ಮತ್ತೆ 4ರಿಂದ 10 ದಿನ. ಹಾಗಾಗಿ ಇವತ್ತಿನ ಮಳೆಯ ಲೆಕ್ಕ ಆಸ್ಪತ್ರೆಗೆ ಮುಟ್ಟುವುದು ಎಷ್ಟೋ ವಾರಗಳ ನಂತರ. ಮಳೆ ಜಡಿದು ಹೊಡೆದರೆ ಲಾರ್ವಾಗಳೇ ಕೊಚ್ಚಿಹೋಗುತ್ತವೆ. ತಿಂಗಳ ಒಟ್ಟು ಮಳೆ ಗೊತ್ತಿದ್ದರೆ ಸಾಲದು, ದಿನದಿನದ ಲೆಕ್ಕ ಬೇಕು.

ಒಂದು ಪುಟದಲ್ಲಿ ಜುಲೈ 14, 15 ಖಾಲಿ, 16ಕ್ಕೆ ಏಳು ಇಂಚು.

"ಅಜ್ಜ, ಈ ಎರಡು ದಿನ ಮಳೆ ಇರ್ಲಿಲ್ವಾ?"

"ಇಲ್ದೆ ಏನು! ನಿಮ್ಮಜ್ಜಿನ ಮೈಸೂರು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ."

ಅಂದರೆ ಆ ಏಳು ಇಂಚು ಮೂರು ದಿನದ್ದು. ಖಾಲಿ ಜಾಗಕ್ಕೆ ಸೊನ್ನೆ ತುಂಬಿದ್ದರೆ ಕಂಪ್ಯೂಟರ್ ಎರಡು ದಿನ ಬಿಸಿಲು, ಮೂರನೆಯ ದಿನ ಪ್ರಳಯ ಎಂದು ನಂಬಿ, ಇದ್ದ ಲಾರ್ವಾಗಳನ್ನೆಲ್ಲ ಕೊಚ್ಚಿ ಹಾಕುತ್ತಿತ್ತು. ಆಸ್ಪತ್ರೆಯ ಲೆಕ್ಕದಲ್ಲೂ ಇದೇ ಕಥೆ: ಭಾನುವಾರ ಜ್ವರದವರು ಕಡಿಮೆ, ಸೋಮವಾರ ಹೆಚ್ಚು. ಜ್ವರಕ್ಕೆ ವಾರದ ರಜೆ ಇಲ್ಲ, ಹೊರರೋಗಿ ವಿಭಾಗಕ್ಕೆ ಇದೆ.

ನನ್ನ ಮಟ್ಟಿಗೆ ಮಾದರಿ ಕಟ್ಟುವವರ ಅಸಲು ಕಸುಬು ಇದೇ. ಸಮೀಕರಣ ಬರೆಯುವುದಕ್ಕಿಂತ ಅಂಕಿ ಯಾರ ಕೈಯಿಂದ, ಯಾವ ಗಳಿಗೆಯಲ್ಲಿ ಬಂತು ಎಂದು ತಿಳಿಯಲು ಹೆಚ್ಚು ಕಾಲ ಹಿಡಿಯುತ್ತದೆ. ಎರಡು ವರ್ಷದ ಕರಾರಿನಲ್ಲಿ ಆ ಕಾಲ ಸಿಗುವುದಿಲ್ಲ. ಕಲಿತವರು ಬೇರೆ ಊರಿಗೆ ಹೋಗುತ್ತಾರೆ, ಹೊಸಬರು ಮೊದಲಿಂದ ಶುರುಮಾಡಬೇಕು. ಇದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಈಗಲೂ ಅವಳು ರಾತ್ರಿ ಫೋನ್ ಮಾಡುತ್ತಾಳೆ. ಅಪ್ಪ ಕನ್ನಡಕ ಹಾಕಿಕೊಂಡು ಪುಸ್ತಕ ಬಿಡಿಸಿ ಕೂರುತ್ತಾರೆ. ಮೂವತ್ತೆಂಟು ಪುಸ್ತಕಗಳಲ್ಲಿ ಹನ್ನೊಂದು ಮುಗಿದಿವೆ. ಅವಳ ಕರಾರು ಮಾರ್ಚ್‌ವರೆಗೆ.