ನಿಮ್ಮ ಬೇಸಿಕ್ ಎಷ್ಟು?

"ಮೇಡಂ, ಹೊಸ ಲೇಬರ್ ಕೋಡ್ ಬಂದ್ಮೇಲೆ ಕೈಗೆ ಬರೋ ಸಂಬಳ ಕಡಿಮೆ ಆಗುತ್ತಂತೆ, ಹೌದಾ?" ಕಾರ್ಮಿಕರ ಕೇಸು ನಡೆಸುವ ನನಗೆ ಈಚೆಗೆ ಜಾಸ್ತಿ ಬರುವ ಪ್ರಶ್ನೆ ಇದು. ನಾನು ತಿರುಗಿ ಕೇಳುವುದೂ ಒಂದೇ: ನಿಮ್ಮ ಬೇಸಿಕ್, ಅಂದರೆ ಭತ್ಯೆಗಳನ್ನು ಬಿಟ್ಟ ಮೂಲ ವೇತನ, ಎಷ್ಟು? ಎಷ್ಟೋ ಜನ ಅಲ್ಲೇ ತಡವರಿಸುತ್ತಾರೆ.

ಕೇಂದ್ರ ಸರ್ಕಾರ 29 ಹಳೆಯ ಕಾರ್ಮಿಕ ಕಾಯ್ದೆಗಳನ್ನು ನಾಲ್ಕು ಸಂಹಿತೆಗಳಾಗಿ (ಇವೇ ಲೇಬರ್ ಕೋಡ್) ಮಾಡಿ 2025ರ ನವೆಂಬರ್ 21ರಿಂದ ಜಾರಿಗೆ ತಂದಿತು. ನಾಲ್ಕನ್ನೂ ಇಲ್ಲಿ ಬಿಡಿಸಿ ಹೇಳಲು ಜಾಗ ಸಾಲದು. ಸಂಬಳದವರ ಜೇಬಿಗೆ ನೇರವಾಗಿ ತಾಗುವ ನಿಯಮವನ್ನಷ್ಟೇ ನೋಡೋಣ. ಪಿಎಫ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಲೆಕ್ಕ ಹಾಕುವುದು ‘ವೇತನ’ದ ಮೇಲೆ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಪ್ರಯಾಣ ಭತ್ಯೆ ಮುಂತಾದವನ್ನು ಈ ವೇತನದ ಲೆಕ್ಕದಿಂದ ಹೊರಗಿಡಬಹುದು. ಆದರೆ ಹೀಗೆ ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾದರೆ, ಹೆಚ್ಚಾದಷ್ಟನ್ನು ವಾಪಸ್ ವೇತನಕ್ಕೆ ಸೇರಿಸಬೇಕು.

ಒಂದು ಸ್ಲಿಪ್ ಹಿಡಿದು ನೋಡಿ. ತಿಂಗಳಿಗೆ 30,000 ರೂಪಾಯಿ. ಬೇಸಿಕ್ 9,000, ಎಚ್‌ಆರ್‌ಎ 12,000, ಪ್ರಯಾಣ ಭತ್ಯೆ 9,000. ಭತ್ಯೆಗಳೇ 21,000 ಆದವು, ಅಂದರೆ ಅರ್ಧಕ್ಕಿಂತ 6,000 ಜಾಸ್ತಿ. ಅದನ್ನು ಸೇರಿಸಿದರೆ ವೇತನ 15,000. ಪಿಎಫ್‌ಗೆ ಬರೀ ಬೇಸಿಕ್ ಮೇಲೆ ನಿಮ್ಮ ಪಾಲು (ಶೇ 12) ಕಟ್ಟುತ್ತಿದ್ದರೆ ಅದು 1,080 ಇದ್ದದ್ದು 1,800 ಆಗುತ್ತದೆ. ಕೈಗೆ ಬರುವುದು 720 ಕಡಿಮೆ, ನಿಜ. ಆದರೆ ಕಂಪನಿಯೂ ಅಷ್ಟೇ ಹಾಕಬೇಕು. ಮೊದಲೇ 15,000ದ ಮೇಲೆ ಕಟ್ಟುತ್ತಿದ್ದವರಿಗೆ ಇದರಲ್ಲಿ ಏನೂ ವ್ಯತ್ಯಾಸವಿಲ್ಲ.

ದೊಡ್ಡ ವ್ಯತ್ಯಾಸ ಕಾಣುವುದು ಗ್ರಾಚ್ಯುಟಿಯಲ್ಲಿ. ಅದರ ಲೆಕ್ಕ: ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ಇದೇ ನೌಕರ 10 ವರ್ಷ ದುಡಿದು ಬಿಟ್ಟರೆ, 9,000ದ ಮೇಲೆ ಸುಮಾರು 51,900 ಬರುತ್ತಿತ್ತು. 15,000ದ ಮೇಲೆ 86,500 ದಾಟುತ್ತದೆ. ಬೇಸಿಕ್ ಯಾಕೆ ಅಷ್ಟು ಚಿಕ್ಕದಾಗಿ ಇಡುತ್ತಿದ್ದರು ಅಂತ ಈಗ ಗೊತ್ತಾಯ್ತಲ್ವಾ?

ವಾಟ್ಸಾಪ್‌ನಲ್ಲಿ ಓಡಾಡುವ ಇನ್ನೊಂದು ಮಾತು: "ಒಂದೇ ವರ್ಷಕ್ಕೆ ಎಲ್ಲರಿಗೂ ಗ್ರಾಚ್ಯುಟಿ." ಎಲ್ಲರಿಗೂ ಅಲ್ಲ. ಕಂಪನಿಯೇ ನೇರವಾಗಿ ಇಂತಿಷ್ಟು ಅವಧಿಗೆ ಎಂದು ಬರೆದುಕೊಟ್ಟು ಕೆಲಸಕ್ಕೆ ತೆಗೆದುಕೊಂಡವರಿಗೆ ಮಾತ್ರ ಒಂದು ವರ್ಷ. ಕಾಯಂ ನೌಕರರಿಗೆ ಹಿಂದಿನ ಹಾಗೆಯೇ ಐದು ವರ್ಷ. ವಾಟ್ಸಾಪ್ ಮಾತು ನಂಬಿ ಸುಮ್ನೆ ರಾಜೀನಾಮೆ ಬರೆಯಬೇಡಿ.

ಕೆಲಸ ಬಿಟ್ಟರೂ, ತೆಗೆದುಹಾಕಿದರೂ ಬಾಕಿ ಸಂಬಳ ಎರಡು ಕೆಲಸದ ದಿನಗಳಲ್ಲಿ ಕೈಸೇರಬೇಕು. "ಫುಲ್ ಅಂಡ್ ಫೈನಲ್ (ಕೊನೆಯ ಲೆಕ್ಕ ಚುಕ್ತಾ) 45 ದಿನ ಆದ್ಮೇಲೆ" ಅನ್ನುವ ಎಚ್‌ಆರ್ ಮಾತು ಸಂಬಳದ ಮಟ್ಟಿಗೆ ನಡೆಯುವುದಿಲ್ಲ. ಗ್ರಾಚ್ಯುಟಿಗೆ ಮಾತ್ರ ಬೇರೆ ಗಡುವು, 30 ದಿನ.

ಇಷ್ಟೆಲ್ಲ ಕೊಟ್ಟವರು ಕಿತ್ತುಕೊಂಡದ್ದೂ ಇದೆ. ಕಾರ್ಖಾನೆ ಮುಚ್ಚಲು, ಜನರನ್ನು ಕಡಿತ ಮಾಡಲು ಸರ್ಕಾರದ ಅನುಮತಿ ಬೇಕಾಗುತ್ತಿದ್ದದ್ದು 100 ಕಾರ್ಮಿಕರಿದ್ದಲ್ಲಿ. ಈಗ ಆ ಮಿತಿ 300. ಗುತ್ತಿಗೆ ಕಾರ್ಮಿಕರ ನಿಯಮಗಳು 20 ಜನರಿದ್ದಲ್ಲಿ ಅನ್ವಯವಾಗುತ್ತಿದ್ದವು, ಈಗ 50. ಮುಷ್ಕರಕ್ಕೆ ಎಲ್ಲ ಉದ್ಯಮಗಳಲ್ಲೂ 14 ದಿನ ಮುಂಚೆ ನೋಟಿಸ್ ಕೊಡಬೇಕು. ನನ್ನನ್ನು ಕೇಳಿದರೆ ಸಣ್ಣ, ಮಧ್ಯಮ ಕಾರ್ಖಾನೆಯ ಕಾರ್ಮಿಕರಿಗೆ ಈ 300ರ ಪೆಟ್ಟೇ ಜೋರು. ಕೆಲಸವೇ ಹೋದ ಮೇಲೆ ಬೇಸಿಕ್ ದೊಡ್ಡದಿದ್ದು ಏನು ಬಂತು? ಕಡಿತಗೊಂಡವರಿಗೆ ಮರುತರಬೇತಿ ನಿಧಿಯಿಂದ 15 ದಿನದ ವೇತನ ಕೊಡುತ್ತಾರಂತೆ. ಮನೆ ಬಾಡಿಗೆಗೂ ಸಾಲದು.

ಸಂಬಳ ಕಡಿಮೆ ಕೊಟ್ಟರೆ ಅಥವಾ ಕೊಡದಿದ್ದರೆ ಮೂರು ವರ್ಷದೊಳಗೆ ಕ್ಲೇಮು ಹಾಕಬಹುದು. ಹಿಂದೆ ಕನಿಷ್ಠ ವೇತನದ ಕ್ಲೇಮಿಗೆ ಆರೇ ತಿಂಗಳಿತ್ತು. ನೀವೇ ಹಾಕಬಹುದು, ಯೂನಿಯನ್ ಮೂಲಕವೂ ಆಗುತ್ತದೆ. ಇನ್ನೊಂದು ಒಳ್ಳೆಯ ಅಂಶ: ಬಾಕಿ ಕೊಟ್ಟಿದ್ದೇವೆ ಎಂದು ಸಾಬೀತು ಮಾಡಬೇಕಾದವರು ಮಾಲೀಕರು, ನೀವಲ್ಲ. ಹಾಗಂತ ಬರಿಗೈಲಿ ಹೋಗಬೇಡಿ. ಈಗ ನೇಮಕಾತಿ ಪತ್ರ, ಸ್ಯಾಲರಿ ಸ್ಲಿಪ್ ಎರಡನ್ನೂ ಕೊಡುವುದು ಮಾಲೀಕರ ಕರ್ತವ್ಯ. ಕೊಡದಿದ್ದರೆ ಇಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಬರೆದು ಕೇಳಿ. ಉತ್ತರ ಬರದಿದ್ದರೂ ನೀವು ಕೇಳಿದ್ದಕ್ಕೆ ದಾಖಲೆ ಆಗುತ್ತದೆ. ಅದರ ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್ ತನ್ನಿ, ಕೇಸು ಶುರು ಮಾಡಲು ನನಗೆ ಅಷ್ಟು ಸಾಕು.